ಗುಡುಗಪ್ಪನ ಒಳಗೆ ಕೂಗುತ್ತಿದ್ದವನು

ಲಿಫ್ಟ್ ರಿಪೇರಿ ಮಾಡುವವರಲ್ಲಿ ಗುಡುಗಪ್ಪನಂಥ ಗಂಟಲು ಇನ್ನೊಬ್ಬರಿಗಿರಲಿಲ್ಲ. ಹತ್ತನೇ ಮಹಡಿಯ ಮೇಲಿನ ಮೋಟಾರು ಕೋಣೆಯಲ್ಲಿ ನಿಂತು ಬಾಯಿ ಬಿಟ್ಟರೆ ನೆಲಮಾಳಿಗೆಯಲ್ಲಿದ್ದವನಿಗೆ ಫೋನೇ ಬೇಡ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕೆಲಸದಲ್ಲಿ ಮಾತ್ರ ಅಪ್ಪಟ ಚಿನ್ನ ಬಿಡಿ. ಮೂವತ್ತು ವರ್ಷದಲ್ಲಿ ಅವನು ಮುಟ್ಟಿದ ಲಿಫ್ಟಿನಲ್ಲಿ ಒಬ್ಬರ ಕೂದಲೂ ಕೊಂಕಿರಲಿಲ್ಲ. ಆದರೆ ಮನೆಯವರು ಯಾರಾದರೂ ಹೇಳಿದ ಹೊತ್ತಿಗೆ ಬರಲಿಲ್ಲವೋ, ಫೋನ್ ಎತ್ತಲಿಲ್ಲವೋ, ಮುಗೀತು ಕಥೆ. ಓಣಿಯ ನಾಯಿಗಳೂ ಬಾಲ ಮುದುರಿಕೊಂಡು ಓಡುತ್ತಿದ್ದವು.

ಎರಡು ಬೀದಿ ಆಚೆಗಿದ್ದ ಮಗಳು ಒಂದು ದಿನ ಇಪ್ಪತ್ತು ದಿನದ ಕೂಸನ್ನು ಡಾಕ್ಟರಿಗೆ ತೋರಿಸಿ ನಾಲ್ಕಕ್ಕೆ ಬರ್ತೀನಿ ಅಂದವಳು ಐದೂಮುಕ್ಕಾಲಿಗೆ ಬಂದಳು. ಫೋನ್ ಬೇರೆ ಆಫ್. ಹೊಸ್ತಿಲಲ್ಲೇ ಶುರುವಾಯಿತು ಗುಡುಗು. ಕೂಸು ಬೆಚ್ಚಿಬಿದ್ದು ಒಂದು ಗಂಟೆ ಅತ್ತಿತು. ಮಗಳು ಅಳಲಿಲ್ಲ, ಅದೇ ಕಷ್ಟ. "ಅಪ್ಪಾ, ನಾನು ಇದನ್ನ ಕೇಳ್ಕೊಂಡೇ ಬೆಳೆದೆ. ನನ್ನ ಮಗು ಕೇಳಬೇಕಾಗಿಲ್ಲ. ನೀನು ಸರಿಹೋಗೋ ತನಕ ಇದನ್ನ ನಿನ್ನ ಕೈಗೆ ಕೊಡಲ್ಲ" ಅಂದು ಹೊರಟೇಹೋದಳು. ಅವನು ಆ ಮೊಮ್ಮಗಳನ್ನು ಇನ್ನೂ ಒಂದು ಸಲವೂ ಎತ್ತಿಕೊಂಡಿರಲಿಲ್ಲ.

"ನಂಗೇನು ಹುಚ್ಚೇನೇ?" ಎಂದು ಅವನು ಎಷ್ಟು ಬಡಿದಾಡಿದರೂ ಹೆಂಡತಿ ಬಿಡಲಿಲ್ಲ. "ಹುಚ್ಚು ನಿಮಗಲ್ಲ ರೀ, ನಮಗೆ ಹಿಡಿಯೋದರಲ್ಲಿದೆ" ಎಂದು ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋಗಿ ಕೂರಿಸಿದಳು. ಔಷಧಿ ಅಂಗಡಿಯ ಮೇಲಿನ ಸಣ್ಣ ಕೋಣೆ, ಎರಡು ಬೆತ್ತದ ಕುರ್ಚಿ, ಕಿರುಗುಟ್ಟುವ ಫ್ಯಾನು. ಮೇಡಂ ಹೇಳಿದ್ದಿಷ್ಟು: ಒಬ್ಬ ಮನುಷ್ಯನ ಒಳಗೆ ಒಬ್ಬನೇ ಇರುವುದಿಲ್ಲ, ಒಂದು ಮನೆ ಮಂದಿಯೇ ಇರುತ್ತದೆ. ಕೂಗುವವನೊಬ್ಬ, ನಾಚುವವನೊಬ್ಬ, ಹೆದರಿ ಮೂಲೆಯಲ್ಲಿ ಕೂತವನೊಬ್ಬ. ಯಾರೂ ಕೆಟ್ಟವರಲ್ಲ, ಎಲ್ಲರೂ ಏನೋ ಒಂದನ್ನು ಕಾಯುತ್ತಿರುತ್ತಾರೆ. ಅವರ ಜೊತೆ ಮಾತಾಡಬೇಕು, ಅಷ್ಟೆ.

ಗುಡುಗಪ್ಪ ಮುಂದಿನ ವಾರ ದೂರು ಪುಸ್ತಕ ಬರೆದುಕೊಂಡು ಬಂದ! ಲಿಫ್ಟಿಗೆ ಬರೆಯುವ ಹಾಗೇ: 'ಕೂಗುವವನು. ಪೂರ್ತಿ ಕೆಟ್ಟಿದೆ. ತೆಗೆದು ಹಾಕುವುದು.' ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಇವರನ್ನ ಯಾರನ್ನೂ ತೆಗೆಯೋಕೆ ಬರಲ್ಲ ಸಾರ್. ಅವನು ಯಾಕೆ ಕೂಗ್ತಾನೆ ಅಂತ ಅವನನ್ನೇ ಕೇಳಿ." ಅದು ಇವನ ತಲೆಗೆ ಹೋಗಬೇಕಲ್ಲ? ಕೂಗುವವನ ಬಾಯಿಗೆ ಬೀಗ ಜಡಿದು ಹದಿನೈದು ದಿನ ಹಲ್ಲು ಕಚ್ಚಿಕೊಂಡು ಓಡಾಡಿದ. ಹದಿನಾರನೇ ದಿನ ಹೆಂಡತಿ ಅಂಗಡಿಯಿಂದ ಹತ್ತು ನಿಮಿಷ ತಡವಾಗಿ ಬಂದಳು. ಹದಿನೈದು ದಿನದ ಬಾಕಿಯೆಲ್ಲ ಒಟ್ಟಿಗೆ ಸಿಡಿಯಿತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತ. ಇನ್ನು ಕೂಸು ನನ್ನ ಕೈಗೆ ಸಿಗೋದಿಲ್ಲ ಅನ್ನಿಸಿಬಿಟ್ಟಿತು.

ಮಾರನೇ ದಿನ ಒಂದು ಕಟ್ಟಡದಲ್ಲಿ ಖಾಲಿ ಲಿಫ್ಟು ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ನಿಂತುಬಿಟ್ಟಿತ್ತು. ಅಡಿಯಲ್ಲಿರುವ ಸೇಫ್ಟಿ ಬ್ರೇಕು ಎರಡೂ ಕಡೆಯ ಹಳಿಗಳನ್ನು ಕಚ್ಚಿ ಹಿಡಿದಿತ್ತು. ಅಲ್ಲಿನ ವಾಚ್‌ಮನ್‌ಗೆ ತಾಳ್ಮೆಯಿಲ್ಲ. "ಹಾಳಾದ್ದು, ಸುತ್ತಿಗೇಲಿ ನಾಲ್ಕು ಬಾರಿಸಿ ಸಾರ್!"

"ಏಯ್, ಅದನ್ನ ಯಾಕಯ್ಯ ಬೈತೀಯ? ಲಿಫ್ಟು ಬೀಳ್ತಿದೆ ಅಂದ್ಕೊಂಡು ಹಿಡ್ಕೊಂಡಿದೆ ಪಾಪ. ಹೊಡೆದಷ್ಟೂ ಬಿಗಿಯಾಗುತ್ತೆ. ಮೊದಲು ಲಿಫ್ಟನ್ನ ಒಂಚೂರು ಮೇಲೆತ್ತಿ ಅದರ ಭಾರ ಇಳಿಸಬೇಕು. ತಾನಾಗೇ ಬಿಡುತ್ತೆ" ಅಂದ ಗುಡುಗಪ್ಪ. ಅಂದವನೇ ಸ್ಪ್ಯಾನರ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟ. ವಾಚ್‌ಮನ್ ತಲೆಸುತ್ತು ಬಂತೇನೋ ಅಂತ ನೀರು ತಂದುಕೊಟ್ಟ.

ಆ ವಾರ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ನಾಚಿಕೆ ಬಿಟ್ಟು, ಕೂಗುವವನನ್ನು ಮಾತಾಡಿಸಿದ. 'ನೀನು ಕೂಗದೇ ಇದ್ದರೆ ಏನಾಗುತ್ತೆ ಮಾರಾಯ?' ಉತ್ತರ ತಟ್ಟನೆ ಬಂತು: 'ಬರಬೇಕಾದವರು ಬರಲ್ಲ.' ಆ ಕೂಗುವವನ ಬೆನ್ನ ಹಿಂದೆ ಒಂಬತ್ತು ವರ್ಷದ ಹುಡುಗ ಕಿಟಕಿಯ ಸರಳು ಹಿಡಿದು ಕೂತಿದ್ದ. ಐದು ಗಂಟೆಗೆ ಬರ್ತೀನಿ ಅಂತ ಕೆಲಸಕ್ಕೆ ಹೋದ ಅಪ್ಪ ಬಂದಿರಲಿಲ್ಲ. ಅಪಘಾತದ ಸುದ್ದಿ ಪಕ್ಕದ ಮನೆಗೆ ಮೊದಲು ಬಂದಿತ್ತು. ಸುಮ್ಮನೆ ಕೂತಿರು ಅಂದಿದ್ದರು, ಆ ಹುಡುಗ ಸುಮ್ಮನೆ ಕೂತಿದ್ದ. ಗಲಾಟೆ ಮಾಡಿದ್ದರೆ ಅಪ್ಪ ಬರುತ್ತಿದ್ದನೇನೋ ಅಂತ ನಲವತ್ತೈದು ವರ್ಷದಿಂದ ಅವನಿಗೆ ಅನುಮಾನ. ಐವತ್ನಾಲ್ಕರ ಗುಡುಗಪ್ಪ ಆ ಹುಡುಗನ ಪಕ್ಕ ಹೋಗಿ ಕೂತ. 'ನಿನ್ನ ತಪ್ಪಲ್ಲ ಕಣೋ' ಅಂದ. ಎಷ್ಟು ಹೊತ್ತು ಕೂತಿದ್ದನೋ ಅವನಿಗೇ ತಿಳಿಯದು, ಮೇಡಂ ಗಡಿಯಾರ ನೋಡಲಿಲ್ಲ.

ಒಂದು ತಿಂಗಳಾದ ಮೇಲೆ, ಅಮ್ಮನ ಮುಖ ನೋಡಿ, ಮಗಳು ಕೂಸನ್ನು ಕರೆತರಲು ಒಪ್ಪಿದಳು. ನಾಲ್ಕಕ್ಕೆ ಅಂದಳು. ನಾಲ್ಕೂವರೆ ಆಯಿತು, ಐದಾಯಿತು. ಫೋನ್ ರಿಂಗಾಗುತ್ತದೆ, ಎತ್ತುವವರಿಲ್ಲ. ಗುಡುಗಪ್ಪ ಕಿಟಕಿಗೂ ಬಾಗಿಲಿಗೂ ಓಡಾಡಿದ. ಗಂಟಲಿನ ತನಕ ಬಂದ ಆ ಕೂಗುವವನಿಗೆ 'ಗೊತ್ತಪ್ಪ, ನೀನು ಕಾಯ್ತಿದ್ದೀಯ. ಇವತ್ತು ನಾನು ನೋಡ್ಕೋತೀನಿ, ಸ್ವಲ್ಪ ಸರಿದು ಕೂತ್ಕೋ' ಅಂದ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು.

ಐದೂಕಾಲಿಗೆ ಬಾಗಿಲು ತೆರೆಯಿತು. ಮಗಳು ಕೂಸಿನ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೇ ಒಳಗೆ ಬಂದಳು.

"ಹೆದರಿಬಿಟ್ಟಿದ್ದೆ ಪುಟ್ಟಿ" ಅಂದ ಅವನು. "ನಿಮ್ಮಿಬ್ಬರಿಗೂ ಏನಾಯ್ತೋ ಅಂತ."

ಮಗಳು ಅವನನ್ನೇ ನೋಡಿದಳು. "ನಿಂಗೆ ಹೆದರಿಕೆನಾ?"

"ಹೂಂ ಕಣೇ. ಯಾವಾಗ್ಲೂ ಹೆದರಿಕೆನೇ ಇದ್ದದ್ದು."

ಅವಳು ಕೂಸಿನ ಕಿವಿಯ ಮೇಲಿಂದ ಕೈ ತೆಗೆದಳು. ಅವನ ತೋಳು ಸರಿಮಾಡಿ, ಕುತ್ತಿಗೆಯ ಕೆಳಗೆ ಹೇಗೆ ಹಿಡಿಯಬೇಕು ತೋರಿಸಿ, ಕೂಸನ್ನು ಮಲಗಿಸಿದಳು. 

"ಇಷ್ಟು ವರ್ಷ ಒಂದು ಸಲಾನಾದ್ರೂ ಹೇಳಬಾರದಿತ್ತಾ ಅಪ್ಪಾ?"

"ನಂಗೇ ಗೊತ್ತಿರಲಿಲ್ಲ ತಾಯಿ" ಅಂದ ಗುಡುಗಪ್ಪ, ಕೂಸಿಗೆ ಎಚ್ಚರವಾಗದಷ್ಟು ಮೆಲ್ಲಗೆ.