ಶಾಂತಿಪ್ರಸಾದರಿಗೆ ಕೇಳಿಸಿದ ಜೀರುಂಡೆ

ರಿಪ್ಪನ್‌ಪೇಟೆಯ ಶಾಂತಿಪ್ರಸಾದರಿಗೆ ಕಿವಿಯೇ ಬಂಡವಾಳ. ಮೂವತ್ತೆಂಟು ವರ್ಷ ರೇಡಿಯೋ ರಿಪೇರಿ ಮಾಡಿದರು, ಮದುವೆ ಮುಂಜಿಗಳಿಗೆ ಮೈಕ್ ಸೆಟ್ ಕೊಟ್ಟರು. ರೇಡಿಯೋ ಬಿಚ್ಚುವ ಮೊದಲೇ ಅದರ ಗೊರಗೊರ ಕೇಳಿ ಎಲ್ಲಿ ಕೆಟ್ಟಿದೆಯೆಂದು ಹೇಳುತ್ತಿದ್ದರು. ಹೇಳಿದ್ದು ನಿಜವಾದರೆ ಗಿರಾಕಿಯ ಬಾಯಿಂದ ಹೊಗಳಿಕೆ ಬರುವ ತನಕ ಸಾಮಾನು ಕೈಬಿಡುವ ಪೈಕಿಯಲ್ಲ.

ಅಂಗಡಿ ಮುಚ್ಚಿದ ಮೇಲೆ ಹೊಗಳಿಕೆಯೂ ನಿಂತಿತು, ಮನುಷ್ಯ ಮಂಕಾದರು. ನೋಡಲಾರದೆ ಹೆಂಡತಿ ಯಶೋಧಾ, ಸಾಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಅಣ್ಣನ ಮಗಳು ಚೈತ್ರಾಳಿಗೆ ಫೋನ್ ಮಾಡಿದರು. ಅವಳು ಒಂದು ಕೆಲಸ ಹುಡುಕಿಕೊಟ್ಟಳು. ಭೂಮಿಯ ಕಾಂತಕ್ಷೇತ್ರ ಆಕಾಶದಲ್ಲಿ ಬಹುದೂರ ಹರಡಿದೆ. ಅಲ್ಲಿ ವಿದ್ಯುತ್ತು ಹೊತ್ತ ತೆಳು ಅನಿಲ, ಅಂದರೆ ಪ್ಲಾಸ್ಮಾ, ತುಂಬಿದೆ. ಅದರಲ್ಲಿ ಏಳುವ ಅಲೆಗಳನ್ನು ಉಪಗ್ರಹಗಳು ಅಳೆಯುತ್ತವೆ. ಅವು ಸದ್ದಲ್ಲ, ಆದರೆ ಸದ್ದಾಗಿ ಬದಲಿಸಿದರೆ ಕಿವಿಗೆ ಸಿಗುತ್ತವೆ. ಕಂಪ್ಯೂಟರ್ ಬಿಟ್ಟದ್ದನ್ನು ಮನುಷ್ಯರ ಕಿವಿ ಹಿಡಿದೀತೆಂದು ವಿಜ್ಞಾನಿಗಳು ಕೇಳುಗರನ್ನು ಕೂಡಿಸುತ್ತಿದ್ದರು.

ಶಾಂತಿಪ್ರಸಾದರು ಹೆಡ್‌ಫೋನ್ ಹಾಕಿ ಕೂತರು. ವಿಜ್ಞಾನಿಗಳು ‘ಕೋರಸ್’ ಎನ್ನುವ ಚಿಲಿಪಿಲಿಗೆ ಇವರು ‘ಹಕ್ಕಿ’ ಎಂದು ಬರೆದರು, ಕೆಳಕ್ಕೆ ಜಾರುವ ಸಿಳ್ಳೆಗೆ ‘ಕುಕ್ಕರ್’. ಚೈತ್ರಾ ನಗುತ್ತಲೇ ಅದನ್ನು ವಿಜ್ಞಾನದ ಭಾಷೆಗೆ ತಿರುಗಿಸಿ ಕಳಿಸುತ್ತಿದ್ದಳು. ಎರಡು ವರ್ಷ ಅವರ ಗುರುತು ತಪ್ಪಲಿಲ್ಲ. ವಿಜ್ಞಾನಿಗಳು ಇದರ ಬಗ್ಗೆ ಬರೆಯುವ ಲೇಖನದ ಕೊನೆಯಲ್ಲಿ ಕೇಳುಗರ ಹೆಸರು ಹಾಕುತ್ತಾರೆಂದು ತಿಳಿದಾಗ, ತಮ್ಮ ಹೆಸರಿನ ಸ್ಪೆಲ್ಲಿಂಗನ್ನು ಮೂರು ಸಲ ಬರೆದು ಕಳಿಸಿದರು.

ಆಮೇಲೆ ಅವರ ಪಟ್ಟಿಯಲ್ಲಿ ‘ಜೀರುಂಡೆ’ ಬರತೊಡಗಿತು. ಮೊದಲು ವಾರಕ್ಕೊಂದು, ಕೊನೆಗೆ ಎಲ್ಲದರಲ್ಲೂ. ಬೇರೆ ಯಾರಿಗೂ ಕೇಳದ್ದು ತಮಗೆ ಕೇಳಿದೆಯೆಂದು ಹಿಗ್ಗಿದರು. ಚೈತ್ರಾಳೂ ಹಿಗ್ಗಿದಳು, ಗ್ರಾಫ್ ತೆಗೆದು ನೋಡುವ ತನಕ. ಅಲ್ಲಿ ಏನೂ ಇರಲಿಲ್ಲ.

ಪುಷ್ಯದ ಒಂದು ಭಾನುವಾರ ಅವಳೇ ಬಂದಳು. ಊಟವಾದ ಮೇಲೆ ಹೆಡ್‌ಫೋನ್ ಕೊಟ್ಟು ಒಂದು ಫೈಲ್ ಹಾಕಿದಳು. ಅವರು ಕಣ್ಣುಮುಚ್ಚಿ ಕೇಳಿ, ಜೀರುಂಡೆ, ಸ್ಪಷ್ಟವಾಗಿದೆ ಎಂದರು.

“ಮಾವ, ಅದ್ರಲ್ಲಿ ಎಂತದೂ ಇಲ್ಲ. ನಾನು ಖಾಲಿ ಹಾಕಿದ್ದು,” ಎಂದಳು ಚೈತ್ರಾ.

ಅವರು ಹೆಡ್‌ಫೋನ್ ತೆಗೆದರು. ಸದ್ದು ನಿಲ್ಲಲಿಲ್ಲ. ಕಾಡಂಚಿನಲ್ಲಿ ಹುಟ್ಟಿ ಬೆಳೆದವರು, ಜೀರುಂಡೆ ಕೂಗಿದರೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಹೆಡ್‌ಫೋನಿನಲ್ಲಿ ಕೇಳಿದ್ದು ಆಕಾಶದ್ದು, ತೆಗೆದಾಗ ಕೇಳಿದ್ದು ಹಿತ್ತಲಿನದು ಎಂದುಕೊಂಡಿದ್ದರು. ಹೊರಗೆ ಕೂಗುತ್ತಿಲ್ಲವೇ ಎಂದು ಹೆಂಡತಿಯನ್ನು ಕೇಳಿದರು.

“ಈಗೆಲ್ಲಿ ಜೀರುಂಡೆ? ನಿಂತು ತಿಂಗಳಾಯ್ತಲ್ರೀ,” ಎಂದರು ಯಶೋಧಾ.

ಶಿವಮೊಗ್ಗದ ಡಾಕ್ಟರು ಪರೀಕ್ಷಿಸಿದರು. ಅಷ್ಟು ವರ್ಷ ಮೈಕಿನ ಹಾರ್ನ್ ಪಕ್ಕ ನಿಂತ ಫಲ. ಸಣ್ಣ ದನಿಗಳು ಹೋಗಿವೆ, ಕಿವಿಯೊಳಗಿನ ಈ ಮೊರೆತ ಹೋಗುವುದಿಲ್ಲ ಎಂದರು.

ಮೊದಲ ಎರಡು ವರ್ಷದ್ದು ಬೇರೆಯವರ ಗುರುತಿಗೆ ಹೊಂದುತ್ತದೆ, ಹೆಸರು ಉಳಿಯುತ್ತದೆ ಎಂದು ಚೈತ್ರಾ ಸಮಾಧಾನ ಹೇಳಿದಳು. ಅವರು ಒಪ್ಪಲಿಲ್ಲ.

“ಯಾವತ್ತಿಂದ ಶುರುವಾಯ್ತು ಅಂತ ನಂಗೇ ಗೊತ್ತಿಲ್ಲ. ಎಲ್ಲ ತೆಗಿ. ಹೆಸರೂ ತೆಗಿ.”

ಎಷ್ಟು ಬೇಡಿದರೂ ಜಗ್ಗಲಿಲ್ಲ. ಅವಳು ಅಳುತ್ತಲೇ ತೆಗೆಸಿದಳು.

ಲೇಖನ ಬಂದದ್ದು ವೈಶಾಖದಲ್ಲಿ. ಹೆಸರುಗಳನ್ನು ಓದು ಎಂದು ಅವರೇ ಹೇಳಿದರು. ಅವಳು ಹತ್ತಿರ ಕೂತು, ದನಿ ಎತ್ತರಿಸಿ, ನಲವತ್ತೊಂದು ಹೆಸರನ್ನೂ ಓದಿದಳು. ನಿಲ್ಲಿಸಿದ ಮೇಲೂ ಅವರು ಕಿವಿಗೆ ಅಂಗೈ ಆನಿಸಿ ಅವಳತ್ತ ಬಾಗಿಯೇ ಇದ್ದರು.

“ಮುಗೀತು ಮಾವ,” ಎಂದಳು.