ಎರಡು ದಂಟಿನಷ್ಟು ಹೊತ್ತು

ವಾಕಡದ ನಮ್ಮ ಮನೆಯಲ್ಲಿ ಊಟದ ಮೇಜಿನ ಅರ್ಧ ನನ್ನವರ ಆಫೀಸು. ಕಾರ್ಖಾನೆಗಳಿಗೆ ಬೇಕಾದ ಅಚ್ಚುಗಳ ನಕ್ಷೆಗಳನ್ನು ಅಲ್ಲೇ ಕಂಪ್ಯೂಟರಿನಲ್ಲಿ ಬರೆದು ಕಳಿಸುತ್ತಾರೆ. ಉಳಿದರ್ಧ ನನ್ನದು. ಅಂದು ನಾನು ಕೊತ್ತಂಬರಿ ಸೊಪ್ಪಿನ ದಂಟು ಬಿಡಿಸಿ ಸೋಸುತ್ತ ಕೂತಿದ್ದೆ.

ಪಿಂಪ್ರಿಯ ಕಾರ್ಖಾನೆಯೊಂದಕ್ಕೆ ಹನ್ನೆರಡರೊಳಗೆ ನಕ್ಷೆಗಳು ಮುಟ್ಟಬೇಕಿತ್ತು. ತಪ್ಪಿದರೆ ಮಷಿನ್ನಿಗೆ ಬೇರೆಯವರ ಕೆಲಸ ಏರುತ್ತಿತ್ತು. ಇವರ ಮೊದಲ ದೊಡ್ಡ ಕೆಲಸ ಕೈತಪ್ಪುತ್ತಿತ್ತು. ಹತ್ತೂವರೆಯಾದರೂ ಕಾಲುಭಾಗವೂ ಹೋಗಿರಲಿಲ್ಲ.

“ನೆಟ್ ಛಲೋ ಅದ, ಫೈಲ್ ಮಾತ್ರ ತೆವಳಾಕತ್ತಾವ,” ಎಂದು ಇವರು ರೌಟರನ್ನು ಮತ್ತೊಮ್ಮೆ ಆರಿಸಿ ಹಚ್ಚಿದರು.

ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಫೋನಿನ ಸ್ಪೀಕರಿನಲ್ಲಿದ್ದರು. ಅವರದೂ ನಮ್ಮ ಕಡೆಯ ಕನ್ನಡ. “ಫೈರ್‌ವಾಲ್ ಬಂದ್ ಮಾಡಾಕ ಬರೂದಿಲ್ರಿ ಸಾಹೇಬ್ರ. ಹೊರಗಿಂದ ಬಂದದ್ದೆಲ್ಲಾ ಒಂದೊಂದಾಗಿ ತೆಗದು ನೋಡಿ, ಝಡತಿ ಮಾಡೇ ಒಳಗ ಬಿಡ್ತದ.”

ನಾನು ತೆರೆಯನ್ನೇ ನೋಡುತ್ತಿದ್ದೆ. ಫೈಲಿನ ಹೆಸರು ಬದಲಾಗುವಾಗೆಲ್ಲ ಕಳಿಸುವುದು ಒಂದಿಷ್ಟು ನಿಲ್ಲುತ್ತಿತ್ತು, ನಾನು ಎರಡು ದಂಟು ಬಿಡಿಸುವಷ್ಟು ಹೊತ್ತು. ದೊಡ್ಡ ನಕ್ಷೆಗೂ ಎರಡು ದಂಟು, ಒಂದು ಸಾಲಿನ ಟಿಪ್ಪಣಿಗೂ ಎರಡೇ ದಂಟು.

“ಎಷ್ಟು ಫೈಲ್ ಅದಾವ್ರೀ?” ಎಂದು ಇವರನ್ನು ಕೇಳಿದೆ.

“ನಾಕು ಸಾವಿರದ ಮ್ಯಾಲ. ಸಣ್ಣ ಸಣ್ಣ ಮಾಡಿದ್ರ ಲಗೂ ಹೋಗ್ತಾವಂತ ನಾನೇ ಬಿಡಿಸಿ ಇಟ್ಟೀನಿ.”

ಝಡತಿ ಎಂದೊಡನೆ ನನಗೆ ನಾನು ಕಲಿತ ಕಾನ್ವೆಂಟಿನ ಗೇಟು ನೆನಪಾಯಿತು. ಹುಣಸೆಹಣ್ಣು ತರುತ್ತೇವೆಂಬ ಗುಮಾನಿಗೆ ಸಿಸ್ಟರ್ ಒಬ್ಬೊಬ್ಬಳ ಊಟದ ಡಬ್ಬಿ ತೆರೆಸಿ ನೋಡುತ್ತಿದ್ದರು. ಪ್ರಾರ್ಥನೆಯ ಗಂಟೆ ಹೊಡೆದರೂ ಸಾಲು ಕರಗುತ್ತಿರಲಿಲ್ಲ. ಪಿಕ್ನಿಕ್ಕಿನ ದಿನ ಮಾತ್ರ ಎಲ್ಲರ ಡಬ್ಬಿಗಳೂ ಒಂದೇ ಬುಟ್ಟಿಯಲ್ಲಿ ಬರುತ್ತಿದ್ದವು. ಮೇಲಿನ ಬಟ್ಟೆ ಸರಿಸಿ ಒಮ್ಮೆ ಕಣ್ಣಾಡಿಸಿದರೆ ಮುಗಿಯಿತು.

“ಎಲ್ಲಾ ಕೂಡಿಸಿ ಒಂದೇ ಗಂಟು ಕಟ್ಟಿ ಕಳಸ್ರಿ,” ಎಂದೆ.

“ಇದೇನು ಕೊತ್ತಂಬರಿ ಸಿವುಡೇನ?” ಇವರು ನಕ್ಕರು.

ಫೋನಿನವರು ನಗದೆ ನನ್ನ ಮಾತನ್ನೇ ಹಿಡಿದರು. “ವೈನಿಯವ್ರು ಹೇಳೂದು ಖರೆ ಅದರಿ. ಜಿಪ್ ಮಾಡ್ರಿ, ನಾಕು ಸಾವಿರ ಸಲ ಬಾಗಿಲಾ ಬಡಿಯೂದು ತಪ್ತದ. ಪಾಸ್‌ವರ್ಡ್ ಮಾತ್ರ ಹಾಕಬ್ಯಾಡ್ರಿ ಮತ್ತ. ಬೀಗ ಹಾಕಿದ್ದನ್ನ ಅದು ಒಳಗ ಬಿಡೂದಿಲ್ಲ.”

ರೂಢಿಯಂತೆ ಪಾಸ್‌ವರ್ಡ್ ಒತ್ತಲು ಹೋಗಿದ್ದ ಇವರ ಬೆರಳು ಅಲ್ಲೇ ನಿಂತಿತು. ಬೀಗ ಹಾಕದೆಯೇ ಗಂಟು ಕಟ್ಟಿ ಕಳಿಸಿದರು.

ಹನ್ನೊಂದೂ ಮುಕ್ಕಾಲಿಗೆ ಫೋನು ಬಂತು. “ಮುಟ್ಟೇದ್ರಿ. ತೆರದು ನೋಡಿದ್ದೂ ಆತು. ಮಷಿನ್ ಚಾಲೂ ಮಾಡ್ತಾರ, ಕೇಳ್ರಿ.”

ಮೊದಲು ಏನೂ ಕೇಳಲಿಲ್ಲ. ಆಮೇಲೆ ಕಬ್ಬಿಣ ಕೊರೆಯುವ ಸಣ್ಣ ಕಿರುಗುಟ್ಟುವ ಸದ್ದು. ಇವರು ಫೋನನ್ನು ಮೇಜಿನ ನಡುವೆ ಇಟ್ಟರು, ಕಟ್ ಮಾಡಲಿಲ್ಲ. ಕೇಳುತ್ತಲೇ ನನ್ನ ಕೊತ್ತಂಬರಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಒಂದೊಂದೇ ದಂಟು ಬಿಡಿಸತೊಡಗಿದರು.