ಪಿಪೆಟ್ಟಿನ ತುದಿಯ ಹನಿ

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಹೊಟ್ಟೆಕಿಚ್ಚು ಪಟ್ಟದ್ದು ಒಂದು ಬಾಟಲಿಯ ಚೀಟಿಗಾಗಿ.

ನಮ್ಮ ಲ್ಯಾಬಿನ ಪದ್ಧತಿ ಹೀಗಿತ್ತು: ನೀರು ಬೆರೆಸಿ ತೆಳುಮಾಡಿದ ಆಸಿಡ್ಡಿನ ನಿಜವಾದ ಸಾಂದ್ರತೆಯನ್ನು ಇಬ್ಬರು ಬೇರೆಬೇರೆಯಾಗಿ ಕಂಡುಹಿಡಿಯಬೇಕು. ಸರಿ ಎನಿಸಿದ ಅಂಕಿಯನ್ನು ಸರ್ ಬಾಟಲಿಯ ಚೀಟಿಯ ಮೇಲೆ ಬರೆದು, ಕೆಳಗೆ ಅಳೆದವರ ರೋಲ್ ನಂಬರ್ ಹಾಕುತ್ತಾರೆ. ಇಡೀ ತರಗತಿ ಅದನ್ನು ನಂಬಿಯೇ ಮುಂದಿನ ಪ್ರಯೋಗ ಮಾಡಬೇಕು. ಆ ನಂಬರ್ ನನ್ನದೇ ಆಗಬೇಕಿತ್ತು. ತಿಕೋಟಾದ ಚರ್ಚಾಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದವಳು ನಾನು. ಆ ಸಲ ನನ್ನ ಜೊತೆ ಅಳೆಯಬೇಕಿದ್ದ ಎದುರಾಳಿಯೋ, ಬಬಲೇಶ್ವರದ ಬಸ್ಸಿನಲ್ಲಿ ಸಾರವಾಡದಿಂದ ಬರುವವಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಪಿಪೆಟ್ಟೆಂಬ ಅಳತೆಯ ಗಾಜಿನ ಕೊಳವೆಯಿಂದ ಹತ್ತು ಎಂ.ಎಲ್. ಸೋಡಿಯಂ ಕಾರ್ಬೋನೇಟ್ ದ್ರಾವಣ ಫ್ಲಾಸ್ಕಿಗೆ ಬಿಟ್ಟು, ಮೀಥೈಲ್ ಆರೆಂಜ್ ಹಾಕಿ, ಹಳದಿ ಬಣ್ಣ ಗುಲಾಬಿಗೆ ತಿರುಗುವವರೆಗೆ ಗೀಟು ಹಾಕಿದ ಬ್ಯುರೆಟ್ಟಿನಿಂದ ಆಸಿಡ್ ಹನಿಸಿ, ಎಷ್ಟು ಎಂ.ಎಲ್. ಖರ್ಚಾಯಿತೆಂದು ನೋಡಬೇಕು. ನನಗೆ ಮೂರು ಸಲವೂ ಹತ್ತು ಬಿಂದು ಎರಡು ಬಂತು. ಅವಳಿಗೆ ಮೂರು ಸಲವೂ ಹತ್ತು ಬಿಂದು ಒಂದು. ಕೆಲಸದ ನಡುವೆ ಅವಳು ಏನೋ ಗುನುಗುತ್ತಿದ್ದಳು. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ.

ಸಾಕ್ಷಿಯಿಲ್ಲದೆ ನಾನು ಯಾರ ಮೇಲೂ ಆರೋಪ ಹೊರಿಸುವವಳಲ್ಲ. ಅವಳ ಕೈಯನ್ನೇ ನೋಡುತ್ತ ನಿಂತೆ. ಸಾಕ್ಷಿ ಸಿಕ್ಕಿತು.

"ಸರ್, ಆಕೀದು ತಪ್ಪೈತ್ರಿ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಪಿಪೆಟ್ಟಿನ ತುದಿಯೊಳಗ ಒಂದ ಹನಿ ಹಂಗ ಬಿಟ್ಟಬಿಡತಾಳ್ರಿ. ಕಾರ್ಬೋನೇಟ್ ಕಡಿಮಿ ಬಿತ್ತು, ಅದಕ್ಕ ಆಸಿಡ್ಡೂ ಕಡಿಮಿ ಹತ್ತೇತಿ."

"ಮತ್ತ ನೀ ಏನ ಮಾಡತಿ?"

"ನಾ ಊದಿ ಕೆಡವತೀನ್ರಿ. ಒಂದ ಹನಿನೂ ಬಿಡೂದಿಲ್ಲ."

ಸರ್ ಕನ್ನಡಕ ತೆಗೆದು ಒರೆಸಿದರು. "ಆ ಹನಿ ಒಳಗ ಉಳೀತೈತಿ ಅಂತ ಹಿಡದ ಅದಕ್ಕ ಹತ್ತರ ಗೀಟ ಹಾಕಿರತಾರವಾ. ಊದಿದರ ಹತ್ತಕ್ಕಿಂತ ಹೆಚ್ಚ ಬೀಳತೈತಿ. ವಾದ ಭಾಳ ಛಲೋ ಮಾಡಿದಿ. ಆದರ ಆಕೀ ಪರವಾಗಿ ಮಾಡಿದಿ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ನಾನೂ ಮೊದಲ ಊದತಿದ್ದೆ ಬೇ," ಎಂದಳು ಮೆಲ್ಲಗೆ. ಸುಳ್ಳು ಅದು, ನನಗೆ ಗೊತ್ತು. ಆದರೆ ನನ್ನ ಮುಖ ಉಳಿಸಲು ಹೇಳಿದ ಸುಳ್ಳನ್ನು ಖಂಡಿಸುವುದು ಹೇಗೆ? ಅವಳು ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬಾಟಲಿಯ ಮೇಲೆ ಅವಳ ರೋಲ್ ನಂಬರ್ ಏರಿತು.

ಸರ್ ಹೇಳಿದರೆಂದು ಒಪ್ಪಿಬಿಡುವ ಜಾತಿ ನನ್ನದಲ್ಲ. ಮುಂದಿನ ವಾರ ಮೂಲೆಯ ಮೇಜಿನಲ್ಲಿ ಒಬ್ಬಳೇ ಮತ್ತೆ ಮಾಡಿದೆ. ಈ ಸಲ ಊದಲಿಲ್ಲ. ಪಿಪೆಟ್ಟಿನ ತುದಿಯನ್ನು ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ, ಉಳಿದ ಹನಿಯನ್ನು ಹಾಗೆಯೇ ಬಿಟ್ಟೆ. ಬೇರೆ ಅಂಕಿ ಬರಲೆಂದು ಬಯಸುತ್ತ ಆಸಿಡ್ ಹನಿಸಿದೆ. ಬಣ್ಣ ಗುಲಾಬಿಗೆ ತಿರುಗಿತು. ಬಗ್ಗಿ ಬ್ಯುರೆಟ್ಟಿನ ಗೀಟು ನೋಡಿದೆ. ಹತ್ತು ಬಿಂದು ಒಂದು.

ಅಷ್ಟರಲ್ಲಿ ಅವಳು ಹಿಂದೆ ಬಂದು ನಿಂತಿದ್ದಳು. "ಎಷ್ಟ ಬಂತ ಬೇ?"

"ಇನ್ನಾ ನೋಡಿಲ್ಲ," ಎಂದು ಫ್ಲಾಸ್ಕನ್ನು ನಳದ ಕೆಳಗೆ ಹಿಡಿದೆ.